ಮುಖವೇ ಮೊದಲ ಪಾಠ



ತೊಟ್ಟಿಲಲ್ಲಿ ಮಲಗಿದ ಹಸುಗೂಸಿನ ಮುಂದೆ ಅಜ್ಜಿ ಬಾಗುತ್ತಾಳೆ. ಬಾಯಿ ತೆರೆಯುತ್ತಾಳೆ, ನಾಲಗೆ ಚಾಚುತ್ತಾಳೆ. ಕೂಸೂ ನಾಲಗೆ ಹೊರಹಾಕಿದರೆ 'ನೋಡಿದಿರಾ, ಅಜ್ಜಿಯನ್ನು ಅಣಕಿಸುತ್ತದೆ' ಎಂದು ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಇದು ದಿಟವೋ, ನಮ್ಮ ಮೋಹವೋ? ಈ ದಿನ ಅದನ್ನು ವಿಚಾರಿಸೋಣ.

ಕೂಸು ಕನ್ನಡಿ ಕಂಡಿಲ್ಲ. ಎದುರಿನ ನಾಲಗೆಯನ್ನು ಕಣ್ಣಿಂದ ನೋಡುತ್ತದೆ. ತನ್ನ ನಾಲಗೆಯನ್ನು ಒಳಗಿನಿಂದ ಮಾತ್ರ ಬಲ್ಲದು. ಅದೂ ಇದೂ ಒಂದೇ ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ಇಂಥ ಅನುಕರಣೆ ಸುಮಾರು ಎಂಟು ತಿಂಗಳು ತುಂಬಿದ ಮೇಲೆಯೇ ಬರುವುದೆಂದು ಪಿಯಾಜೆ ಎಂಬ ಪಂಡಿತರು ತಿಳಿದಿದ್ದರು. ಆದರೆ 1977ರಲ್ಲಿ ಮೆಲ್ಟ್ಜಾಫ್ ಮತ್ತು ಮೂರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು, ಎರಡು ಮೂರು ವಾರದ ಕೂಸುಗಳೇ ನಾಲಗೆ ಚಾಚುವುದನ್ನೂ ಬಾಯಿ ತೆರೆಯುವುದನ್ನೂ ಅನುಕರಿಸುತ್ತವೆ ಎಂದು ಪ್ರಕಟಿಸಿದರು. 1983ರಲ್ಲಿ ಅವರು ನೋಡಿದ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿ ಕೇವಲ 42 ನಿಮಿಷವಾಗಿತ್ತು! ಲೋಕ ಬೆರಗಾಯಿತು.

ಬೆರಗಾದೆವೆಂದು ವಿಚಾರ ಬಿಡಬಾರದು. 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು 106 ಕೂಸುಗಳನ್ನು ಒಂದು, ಮೂರು, ಆರು, ಒಂಬತ್ತು ವಾರಗಳಲ್ಲಿ ಪರೀಕ್ಷಿಸಿದರು. ನಾಲಗೆ ತೋರಿಸಿದಾಗ ಮಾತ್ರವಲ್ಲ, ಬೇರೆ ಏನು ತೋರಿಸಿದರೂ ಕೂಸು ನಾಲಗೆ ಚಾಚುತ್ತಿತ್ತು. ಇದು ಅನುಕರಣೆಯಲ್ಲ, ಶಿಶುಸಹಜವಾದ ಉತ್ಸಾಹ ಎಂದು ಹೇಳುವವರಿದ್ದಾರೆ. ಮೊದಲಿನವರು ಆ ಪರೀಕ್ಷೆಯ ಕ್ರಮವನ್ನೇ ಆಕ್ಷೇಪಿಸಿದರು. ವಾದ ಇನ್ನೂ ಮುಗಿದಿಲ್ಲ. ನಮಗೆ ಇಷ್ಟವಾದುದನ್ನೇ ಸತ್ಯವೆಂದು ಸಾರುವುದು ತರವಲ್ಲ. ಆದ್ದರಿಂದ ನಾವೂ ತೀರ್ಪು ಕೊಡುವುದಿಲ್ಲ.

ಹಾಗಾದರೆ ಅಜ್ಜಿಯ ಆಟ ವ್ಯರ್ಥವೇ? ಅಲ್ಲ. ಕೂಸು ನಕ್ಕರೆ ನಾವು ನಗುತ್ತೇವೆ, ಆಕಳಿಸಿದರೆ ನಮ್ಮ ಬಾಯಿಯೂ ತೆರೆಯುತ್ತದೆ. ಕೂಸು ನಮ್ಮನ್ನು ಅನುಕರಿಸುವುದೋ ಇಲ್ಲವೋ, ನಾವಂತೂ ಅದನ್ನು ಅನುಕರಿಸುತ್ತೇವೆ. ಹೀಗೆ ಕೊಟ್ಟು ಕೊಂಡು ನಂಟು ಬೆಳೆಯುತ್ತದೆ. ಎದೆಹಾಲು ಕುಡಿಯುವಾಗ ತಾಯಿಯ ಮುಖ ಎಷ್ಟು ದೂರವೋ, ಹೆಚ್ಚುಕಡಿಮೆ ಅಷ್ಟು ದೂರವನ್ನೇ ಹಸುಗೂಸಿನ ಕಣ್ಣು ಚೆನ್ನಾಗಿ ಕಾಣುವುದು.

ಟ್ರಾನಿಕ್ ಎಂಬವರು 1978ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಕೆಲವು ತಿಂಗಳ ಮಗುವಿನೊಡನೆ ಆಡುತ್ತಿದ್ದ ತಾಯಿ, ಮೂರು ನಿಮಿಷ ಕಲ್ಲಿನಂತೆ ಮುಖ ಮಾಡಿ ಕೂರಬೇಕು. ಮಗು ತಾಯಿಯ ನಗುವನ್ನು ಮರಳಿ ಪಡೆಯಲು ಮತ್ತೆ ಮತ್ತೆ ಯತ್ನಿಸಿತು. ಆಗದಾಗ ಸೋತು ಮುಖ ತಿರುಗಿಸಿತು.

ತಾಯಂದಿರೇ, ತಂದೆಗಳೇ, ಇಂದು ಮಡಿಲಲ್ಲಿ ಮಗುವಿದೆ, ಕೈಯಲ್ಲಿ ಮೊಬೈಲಿದೆ. ಮಗು ಕರೆಯುತ್ತದೆ, ನಮ್ಮ ಮುಖ ಕಲ್ಲಾಗಿದೆ. ದಣಿದ ತಾಯಿಯನ್ನು ನಾವು ದೂರುವುದಿಲ್ಲ. ಮನೆಯವರು ಆಕೆಯ ಕೆಲಸ ಹಂಚಿಕೊಳ್ಳಲಿ, ಒಂದಿಷ್ಟು ಹೊತ್ತು ಕೂಸನ್ನು ಎತ್ತಿಕೊಂಡು ಅದರ ಮುಖ ನೋಡಲಿ. ನುಡಿ ತಿಳಿಯುವ ಮೊದಲೇ ಮಗು ನಮ್ಮ ನಡೆಯನ್ನು ಓದುತ್ತದೆ. ಓದಲು ಯೋಗ್ಯವಾದ ಮುಖವನ್ನು ಅದಕ್ಕೆ ತೋರಿಸೋಣ.