ಕ್ಯಾಮೆರಾ ಕಣ್ಣಿನಲ್ಲಿ ಕೀಟಲೋಕ



ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕಿನ ಬಾಗೂರು ಎಂದರೆ ಹಲವರಿಗೆ ಅಲ್ಲಿನ ಚೆನ್ನಕೇಶವ ದೇವಾಲಯ ನೆನಪಾಗುತ್ತದೆ. ಇಂದು ನಾವು ದೇವಾಲಯವನ್ನು ದಾಟಿ ಊರಾಚೆಯ ಹೊಲದ ಬದುವಿಗೆ ಹೋಗೋಣ. ಬಯಲುಸೀಮೆಯ ಇಂಥ ನೆಲದಲ್ಲಿ ಮುಂಗಾರಿನ ಮೊದಲ ಹದಮಳೆ ಬಿದ್ದ ಮಾರನೆಯ ದಿನ, ಮಖಮಲ್ಲಿನ ಚೂರಿನಂತಹ ಕಡುಕೆಂಪು ಹುಳುಗಳು ಮಣ್ಣಿನಿಂದೆದ್ದು ಹರಿದಾಡುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅಂಗೈ ಮೇಲೆ ಬಿಟ್ಟುಕೊಂಡು ಆಡಿಯೂ ಇರುತ್ತೀರಿ. ಈಗ ಒಂದು ಪ್ರಶ್ನೆ: ಅದಕ್ಕೆ ಕಾಲುಗಳೆಷ್ಟು?

ಕೀಟವೆಂದ ಮೇಲೆ ಆರು ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಆ ಹುಳುವಿನ ಒಂದು ದೊಡ್ಡ ಚಿತ್ರ ತೆಗೆದು ಎಣಿಸಿದರೆ ಎಂಟು ಕಾಲುಗಳು ಸಿಗುತ್ತವೆ. ಅದು ಕೀಟವೇ ಅಲ್ಲ. ಜೇಡ, ಚೇಳುಗಳ ಬಳಗಕ್ಕೆ ಸೇರಿದ ನುಸಿ. ಮರಿಯಾಗಿದ್ದಾಗ ಮಾತ್ರ ಅದಕ್ಕೆ ಆರು ಕಾಲು. ವರ್ಷವರ್ಷವೂ ಕಂಡ ಜೀವಿಯನ್ನು ನಾವು ಎಷ್ಟು ಕಡಿಮೆ ನೋಡಿದ್ದೇವೆ ಎಂಬುದನ್ನು ಹೀಗೆ ಒಂದು ಛಾಯಾಚಿತ್ರ ತೋರಿಸಿಕೊಡಬಲ್ಲದು. ಕಿರುಜೀವಿಗಳನ್ನು ತೀರ ಹತ್ತಿರದಿಂದ ಚಿತ್ರಿಸುವ ಈ ವಿದ್ಯೆಗೆ ಮ್ಯಾಕ್ರೋ ಛಾಯಾಗ್ರಹಣ ಎಂದು ಹೆಸರು.

ಸಾಮಾನ್ಯ ಛಾಯಾಚಿತ್ರದಲ್ಲಿ ವಸ್ತುವಿನ ಬಿಂಬವು ಫಿಲ್ಮಿನ ಮೇಲಾಗಲಿ, ಇಂದಿನ ಡಿಜಿಟಲ್ ಕ್ಯಾಮೆರಾದ ಸಂವೇದಕದ ಮೇಲಾಗಲಿ, ವಸ್ತುವಿಗಿಂತ ಬಹಳ ಚಿಕ್ಕದಾಗಿ ಬೀಳುತ್ತದೆ. ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿ ಬಿದ್ದರೆ ಅದನ್ನು 1:1 ಪ್ರಮಾಣ ಎನ್ನುತ್ತೇವೆ. ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. 12 ಮಿಲಿಮೀಟರ್ ಉದ್ದದ ಒಂದು ನೊಣ 1:1 ಪ್ರಮಾಣದಲ್ಲಿ ಈ ಅಗಲದ ಮೂರನೆಯ ಒಂದು ಭಾಗವನ್ನು ತುಂಬುತ್ತದೆ. ಅದೇ ಚಿತ್ರವನ್ನು ಒಂದು ಮೀಟರ್ ಅಗಲದ ಟೆಲಿವಿಷನ್ ಪರದೆಯ ಮೇಲೆ ತೋರಿಸಿದಾಗ ನೊಣದ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಸಂಯುಕ್ತ ಕಣ್ಣಿನ ರಚನೆ, ರೆಕ್ಕೆಯ ನರಗಳು, ಕಾಲಿನ ಮುಳ್ಳುಗಳು ಎಲ್ಲವೂ ಕಾಣತೊಡಗುತ್ತವೆ.

ಆದರೆ ದೊಡ್ಡದಾಗುವುದು ನೊಣವೊಂದೇ ಅಲ್ಲ, ನಮ್ಮ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಹುಲ್ಲಿನ ಎಸಳು ಗಾಳಿಗೆ ಒಂದು ಮಿಲಿಮೀಟರ್ ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಇದು ಮೊದಲ ತೊಡಕು.

ಎರಡನೆಯದು ಸ್ಪಷ್ಟತೆಯ ಆಳ. ದೂರದ ಬೆಟ್ಟದ ಚಿತ್ರದಲ್ಲಿ ಮರವೂ ಸ್ಪಷ್ಟ, ಬೆಟ್ಟವೂ ಸ್ಪಷ್ಟ. 1:1 ಪ್ರಮಾಣದಲ್ಲಿ ಹಾಗಲ್ಲ. ಮಸೂರದ ರಂಧ್ರವನ್ನು ಎಫ್ 16ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಎರಡು ಮಿಲಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾದರೆ ಬಾಲ ಮಸುಕು. ರಂಧ್ರವನ್ನು ಇನ್ನೂ ಕಿರಿದು ಮಾಡೋಣವೆಂದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೃದುವಾಗುತ್ತದೆ. ಅದಕ್ಕಾಗಿಯೇ ಅನುಭವಿಗಳು ಕೀಟದ ಮೈ ಫಿಲ್ಮಿಗೆ ಸಮಾನಾಂತರವಾಗಿ ಇರುವಂತೆ ಕೋನವನ್ನು ಹುಡುಕುತ್ತಾರೆ. ಏನೇ ಮಸುಕಾದರೂ ಕಣ್ಣು ಮಾತ್ರ ಸ್ಪಷ್ಟವಾಗಿರಲೇಬೇಕು ಎಂಬುದು ಅವರ ನಿಯಮ.

ಮೂರನೆಯದು ಬೆಳಕು. ಮಸೂರವನ್ನು ಕ್ಯಾಮೆರಾದಿಂದ ಮುಂದಕ್ಕೆ ಸರಿಸಿದಷ್ಟೂ ಬಿಂಬ ದೊಡ್ಡದಾಗುತ್ತದೆ. 50 ಮಿಲಿಮೀಟರ್ ಮಸೂರವನ್ನು ಇನ್ನೂ 50 ಮಿಲಿಮೀಟರ್ ಮುಂದೆ ಸರಿಸಿದರೆ 1:1 ಪ್ರಮಾಣ ದೊರೆಯುತ್ತದೆ. ಆದರೆ ಒಳಗೆ ತಲಪುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಫ್ಲಾಶ್ ಬೇಕಾಗುತ್ತದೆ. ಅದರ ಮುಂದೆ ಒಂದು ತೆಳು ಬಿಳಿ ಬಟ್ಟೆಯನ್ನೋ ಕಾಗದವನ್ನೋ ಹಿಡಿದರೆ ಬೆಳಕು ಹರಡಿ, ಜೀರುಂಡೆಯ ಬೆನ್ನಿನ ಕಣ್ಣು ಕುಕ್ಕುವ ಹೊಳಪು ತಗ್ಗುತ್ತದೆ.

ಇದಕ್ಕೆಲ್ಲ ದುಬಾರಿ ಸಲಕರಣೆ ಬೇಕಲ್ಲವೇ ಎಂದು ನೀವು ಕೇಳಬಹುದು. ಬೇಕೇ ಬೇಕೆಂದಿಲ್ಲ. ಮಸೂರವನ್ನು ಸರಿಸಲು ಟೊಳ್ಳು ಕೊಳವೆಗಳು ಸಿಗುತ್ತವೆ, ಅವುಗಳೊಳಗೆ ಗಾಜಿರುವುದಿಲ್ಲ. ಹಳೆಯ 50 ಮಿಲಿಮೀಟರ್ ಮಸೂರವನ್ನು ಹಿಂದುಮುಂದಾಗಿ ಜೋಡಿಸುವುದೂ ಒಂದು ಉಪಾಯ. ಮನೆಯಲ್ಲಿರುವ ಮೊಬೈಲ್ ಫೋನಿನ ಕ್ಯಾಮೆರಾದ ಮುಂದೆ ಒಂದು ಚಿಕ್ಕ ಭೂತಗನ್ನಡಿಯನ್ನು ಭದ್ರವಾಗಿ ಹಿಡಿದರೂ ನಿಮ್ಮ ಕಲಿಕೆ ಆರಂಭವಾಗುತ್ತದೆ. ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಬೇಗ ಏಳುವ ಅಭ್ಯಾಸ. ಕೀಟಗಳು ಶೀತರಕ್ತದ ಜೀವಿಗಳು. ಬಿಸಿಲೇರುವ ಮೊದಲು ಮೈ ಬೆಚ್ಚಗಾಗದೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಅಲುಗಾಡದೆ ಕುಳಿತಿರುತ್ತವೆ. ಬೆಳಗಿನ ಗಾಳಿಯೂ ಸಾಮಾನ್ಯವಾಗಿ ಶಾಂತವಾಗಿರುತ್ತದೆ.

ಇಷ್ಟು ಕಷ್ಟಪಟ್ಟು ಹುಳುವಿನ ಚಿತ್ರ ತೆಗೆದು ಆಗಬೇಕಾದ್ದೇನು? ಹೊಸದುರ್ಗದ ಸೀಮೆಯವರಿಗೆ ತೆಂಗಿನ ಮಾತು ಹೇಳಿದರೆ ಬೇಗ ತಿಳಿದೀತು. ಕಪ್ಪುತಲೆ ಹುಳು ತೆಂಗಿನ ಗರಿಯ ಅಡಿಭಾಗದಲ್ಲಿ ನೂಲು ಮತ್ತು ಹಿಕ್ಕೆಗಳಿಂದ ಸುರಂಗ ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ. ತೋಟ ಬೆಂಕಿ ತಗುಲಿದಂತೆ ಒಣಗಿ ಕಾಣುತ್ತದೆ. ಈ ಹುಳುವಿಗೆ ಗೋನಿಯೋಜಸ್ ಎಂಬ, ಕೆಲವೇ ಮಿಲಿಮೀಟರ್ ಉದ್ದದ ಒಂದು ಕಣಜ ವೈರಿ. ಹೆಣ್ಣು ಕಣಜ ಹುಳುವನ್ನು ಕುಟುಕಿ ನಿಶ್ಚಲಗೊಳಿಸಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಆ ಹುಳುವನ್ನೇ ಉಂಡು ಬೆಳೆಯುವಾಗ ತಾಯಿ ಕಾವಲಿರುತ್ತದೆ. ಈ ಕಣಜವನ್ನು ಪ್ರಯೋಗಾಲಯಗಳಲ್ಲಿ ಬೆಳೆಸಿ ತೋಟಗಳಿಗೆ ಬಿಡುತ್ತಾರೆ. ಅದನ್ನು ಕಂಡು ಗುರುತಿಸಬಲ್ಲ ರೈತ ಕೀಟನಾಶಕ ಸಿಂಪಡಿಸುವ ಮುನ್ನ ಒಮ್ಮೆ ಯೋಚಿಸುತ್ತಾನೆ. ಗುರುತಿಲ್ಲದವನು ವೈರಿಯ ಜೊತೆಗೆ ಮಿತ್ರನನ್ನೂ ಕೊಲ್ಲುತ್ತಾನೆ.

ಗುಲಗಂಜಿ ಹುಳುವಿನ ಕತೆಯೂ ಇದೇ. ದೊಡ್ಡದಾದಾಗ ಅದು ಚೆಂದದ ದುಂಡು ಜೀರುಂಡೆ, ಎಲ್ಲರಿಗೂ ಪ್ರಿಯ. ಅದರ ಮರಿಯೋ ಉದ್ದನೆಯ, ಒರಟು ಮೈಯ, ನೋಡಲು ಅಂದವಿಲ್ಲದ ಹುಳು. ಸಸ್ಯಹೇನುಗಳನ್ನು ಕಬಳಿಸುತ್ತಿರುವ ಆ ಮರಿಯನ್ನೇ ಪೀಡೆಯೆಂದು ಬಗೆದು ಹೊಸಕಿಬಿಡುವುದುಂಟು. ಕಂಬಳಿಹುಳುವಿನ ಮೇಲೆ ಅಕ್ಕಿಕಾಳಿನಂತೆ ಅಂಟಿರುವ ಬಿಳಿ ವಸ್ತುಗಳನ್ನು ಅದರ ಮೊಟ್ಟೆಗಳೆಂದು ಅನೇಕರು ತಿಳಿಯುತ್ತಾರೆ. ನಿಜದಲ್ಲಿ ಅವು ಪರತಂತ್ರ ಕಣಜಗಳ ಗೂಡುಗಳು. ಆ ಕಂಬಳಿಹುಳುವಿನ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ಅರ್ಥ. ಒಂದು ಸ್ಪಷ್ಟ ಚಿತ್ರ ಈ ಎರಡೂ ತಪ್ಪು ತಿಳಿವಳಿಕೆಗಳನ್ನು ಹೋಗಲಾಡಿಸಬಲ್ಲದು.

2008ರಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಎಂಬ ಹೊರದೇಶದ ಪೀಡೆ ಪತ್ತೆಯಾಯಿತು. ಕರ್ನಾಟಕಕ್ಕೂ ಹರಡಿ ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಕಾಡಿತು. ಮೈಮೇಲಿನ ಮೇಣದ ಹೊದಿಕೆಯಿಂದಾಗಿ ಕೀಟನಾಶಕಗಳು ಅದಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ, ಆಗ ಅದಕ್ಕೆ ಬೇರೆ ಹೆಸರಿತ್ತು, ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ಚೆನ್ನಾಗಿ ನೆಲೆಯೂರಿ ಪೀಡೆಯನ್ನು ಹತೋಟಿಗೆ ತಂದಿತು. ಆ ಕಣಜದ ಉದ್ದ ಒಂದು ಮಿಲಿಮೀಟರಿಗೂ ಕಡಿಮೆ! ಬರಿಗಣ್ಣಿಗೆ ಧೂಳಿನ ಕಣದಂತಿರುವ ಇಂಥ ಜೀವಿಯನ್ನು ಜನ ನಂಬಬೇಕಾದರೆ ಅದನ್ನು ಚಿತ್ರದಲ್ಲಾದರೂ ತೋರಿಸಬೇಕಾಗುತ್ತದೆ.

ಹಾಗೆಂದು ಚಿತ್ರವೊಂದರಿಂದಲೇ ಎಲ್ಲ ಕೀಟಗಳ ಜಾತಿಯನ್ನು ಹೇಳಲಾಗದು. ಅನೇಕ ಕಿರು ಕಣಜಗಳನ್ನು ತಜ್ಞರು ಸೂಕ್ಷ್ಮದರ್ಶಕದ ಕೆಳಗಿಟ್ಟೇ ಗುರುತಿಸಬೇಕು. ಆದರೂ ಚಿತ್ರದ ಜೊತೆ ದಿನಾಂಕ, ವೇಳೆ, ಸ್ಥಳ, ಗಿಡದ ಹೆಸರು, ಕೀಟದ ಅಂದಾಜು ಉದ್ದ ಹಾಗೂ ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆದಿಟ್ಟರೆ ಅದು ಬರಿಯ ಅಲಂಕಾರದ ಚಿತ್ರವಾಗಿ ಉಳಿಯದೆ ವೈಜ್ಞಾನಿಕ ದಾಖಲೆಯಾಗುತ್ತದೆ.

ಒಂದು ಎಚ್ಚರಿಕೆ. ಕೀಟ ಅಲುಗದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಗೋಂದು ಹಚ್ಚಿ ಕೂರಿಸುವುದು, ಸತ್ತದ್ದನ್ನು ಹೂವಿನ ಮೇಲಿಟ್ಟು ಬದುಕಿರುವಂತೆ ತೋರಿಸುವುದು, ಇವೆಲ್ಲ ನಡೆಯುತ್ತವೆ. ಇದು ಜೀವಿಗೆ ಹಿಂಸೆ. ನೋಡುವವನಿಗೆ ವಂಚನೆಯೂ ಹೌದು, ಏಕೆಂದರೆ ಆ ಕೀಟ ಆ ಹೂವಿಗೆ ಎಂದೂ ಬಂದಿರಲಿಕ್ಕಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ನಿಸರ್ಗ ಛಾಯಾಗ್ರಹಣದಲ್ಲಿ ದೇಶವಿದೇಶಗಳಲ್ಲಿ ಹೆಸರಾದವರು. ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತು, ತಾವೂ ಅನೇಕ ಕಿರಿಯರಿಗೆ ಕಲಿಸಿದರು. ಫಿಲ್ಮಿನ ಆ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳಷ್ಟೇ. ತೆಗೆದದ್ದು ಸರಿ ಬಂದಿದೆಯೇ ಎಂದು ತಿಳಿಯಲು ಫಿಲ್ಮನ್ನು ತೊಳೆಯುವವರೆಗೆ ಕಾಯಬೇಕಿತ್ತು. ಕ್ಲಿಕ್ಕಿಸುವ ಮುನ್ನ ಬಹಳ ಹೊತ್ತು ನೋಡುವುದು ಅಂದು ಅನಿವಾರ್ಯವಾಗಿತ್ತು. ಇಂದು ಅದು ನಮ್ಮ ಇಚ್ಛೆಗೆ ಬಿಟ್ಟದ್ದು. ಆದರೂ ಕೀಟದ ನಡವಳಿಕೆಯನ್ನು ತಿಳಿಯಲು ಬೇರೆ ಹಾದಿಯಿಲ್ಲ.

ಮಿತ್ರರೇ, ನಿಮ್ಮ ಶಾಲೆಯ ಆವರಣದಲ್ಲೋ ಹಿತ್ತಲಿನಲ್ಲೋ ಇರುವ ಒಂದೇ ಒಂದು ಗಿಡವನ್ನು ಆರಿಸಿಕೊಳ್ಳಿ. ಎಕ್ಕ, ಕರಿಬೇವು, ಹರಳು, ಯಾವುದಾದರೂ ಸರಿ. ವಾರಕ್ಕೊಮ್ಮೆ ಅರ್ಧ ಗಂಟೆ ಅದರ ಬಳಿ ಕುಳಿತು, ಬಂದ ಜೀವಿಗಳ ಚಿತ್ರ ತೆಗೆದು ಟಿಪ್ಪಣಿ ಬರೆಯಿರಿ. ಕ್ಯಾಮೆರಾ ಇಲ್ಲದವರು ಭೂತಗನ್ನಡಿ ಹಿಡಿದು ಪೆನ್ಸಿಲಿನಿಂದ ಬಿಡಿಸಿರಿ. 1665ರಲ್ಲಿ ರಾಬರ್ಟ್ ಹುಕ್ ಚಿಗಟದ ದೊಡ್ಡ ಚಿತ್ರವನ್ನು ಪ್ರಕಟಿಸಿದಾಗ ಆತನ ಬಳಿ ಕ್ಯಾಮೆರಾ ಇರಲಿಲ್ಲ. ಒಂದು ವರ್ಷ ತುಂಬುವಷ್ಟರಲ್ಲಿ ಆ ಗಿಡವನ್ನು ತಿನ್ನುವವರು ಯಾರು, ತಿನ್ನುವವರನ್ನು ತಿನ್ನುವವರು ಯಾರು ಎಂಬುದರ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ನಿಮ್ಮ ಊರಿನ ರೈತರಿಗೂ ತೋರಿಸಿರಿ.