ಕಿಟಕಿಯಿಂದ ವಾರ್ಡಿಗೆ: ಆಸ್ಪತ್ರೆಯ ಔಷಧಾಲಯ ಮತ್ತು ರೋಗಿಯ ಸುರಕ್ಷತೆ



ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗೆ ಫಾರ್ಮಸಿಸ್ಟರ ಮುಖ ಕಾಣುವುದು ಒಂದು ಸಣ್ಣ ಕಿಟಕಿಯಲ್ಲಿ. ಚೀಟಿ ಒಳಗೆ ಹೋಗುತ್ತದೆ, ಮಾತ್ರೆ ಹೊರಗೆ ಬರುತ್ತದೆ. ಹಿಂದೆ ಸಾಲು ಬೆಳೆದಿರುವುದರಿಂದ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಆ ಕಿಟಕಿಯ ಹಿಂದೆ ಕುಳಿತಿರುವ ವಿದ್ಯೆ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರಬೇಕು. ನನ್ನ ಇಂದಿನ ವಾದ ಇಷ್ಟೇ.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನೇ ನೋಡಿ. ರುಮಟಾಯ್ಡ್ ಸಂಧಿವಾತಕ್ಕೆ ಅದನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ಜೊತೆಗೆ ಕೊಡುವ ಫೋಲಿಕ್ ಆಮ್ಲವೂ ಹಲವು ಸಲ ಅಂಥದ್ದೇ ಸಣ್ಣ ಹಳದಿ ಮಾತ್ರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿನವೂ ನುಂಗಿ ರೂಢಿಯಾದವರು ಇದನ್ನೂ ದಿನವೂ ನುಂಗಿದರೆ ಮೊದಲು ಬಾಯಿ ಹುಣ್ಣಾಗುತ್ತದೆ. ಆಮೇಲೆ ಅಸ್ಥಿಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನೇ ನಿಲ್ಲಿಸಬಹುದು, ಪ್ರಾಣವೂ ಹೋಗಬಹುದು. ಈ ತಪ್ಪು ಮನೆಯಲ್ಲಿ ಮಾತ್ರ ಆಗುವುದೆಂದು ತಿಳಿಯಬೇಡಿ. ರೋಗಿ ಬೇರೆ ಕಾಯಿಲೆಗೆ ದಾಖಲಾದಾಗ ಹಳೆಯ ಚೀಟಿಯನ್ನು ಕೇಸ್ ಶೀಟಿಗೆ ಇಳಿಸುವವರ ಅವಸರದಲ್ಲಿ 'ವಾರಕ್ಕೊಮ್ಮೆ' ಎಂಬುದು ಬಿಟ್ಟುಹೋದರೆ ಸಾಕು. ದಿನ ಬೆಳಗ್ಗೆ ಆ ಶೀಟನ್ನು ಓದುವ ಫಾರ್ಮಸಿಸ್ಟ್ ವಾರ್ಡಿನಲ್ಲಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಮನೆಗೆ ಹೋಗುವಾಗ ಪೊಟ್ಟಣದ ಮೇಲೆ 'ಬುಧವಾರ ಮಾತ್ರ' ಎಂದು ಕನ್ನಡದಲ್ಲಿ ಬರೆದುಕೊಡಲು ಹೊಸ ಅನುದಾನವೇನೂ ಬೇಕಿಲ್ಲ.

ಇನ್ನು ಪೊಟ್ಯಾಸಿಯಂ ಕ್ಲೋರೈಡ್. ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಔಷಧ. ಆಂಪೂಲ್‌ನಿಂದ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಅದು ವಾರ್ಡಿನ ಟ್ರೇಯಲ್ಲಿ ಡಿಸ್ಟಿಲ್ಡ್ ವಾಟರ್ ಆಂಪೂಲ್‌ಗಳ ಪಕ್ಕದಲ್ಲಿ ಇರಲೇಬಾರದು. ಅನಾಹುತವಾದಾಗ ರಾತ್ರಿ ಪಾಳಿಯ ನರ್ಸನ್ನು ಅಮಾನತು ಮಾಡುವುದು ನಮ್ಮ ಆಡಳಿತಕ್ಕೆ ಸುಲಭ. ನರ್ಸ್ ಹೋಗುತ್ತಾರೆ, ಆಂಪೂಲ್ ಅದೇ ಟ್ರೇಯಲ್ಲಿ ಉಳಿಯುತ್ತದೆ, ಮುಂದಿನ ತಪ್ಪನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಹೆಸರುಗಳ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮಲೇರಿಯಾದ ಎರಡು ಔಷಧಗಳು, ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್, ಇವುಗಳ ವ್ಯಾಜ್ಯದಲ್ಲಿ 2001ರಲ್ಲಿ ನ್ಯಾಯಾಲಯ ಔಷಧದ ಹೆಸರುಗಳಿಗೆ ಇತರ ಸರಕುಗಳಿಗಿಂತ ಬಿಗಿಯಾದ ಅಳತೆಗೋಲು ಬೇಕೆಂದಿತು. ಹಲವು ಭಾಷೆಗಳ ಈ ದೇಶದಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆ ಎಂಬುದನ್ನೂ ಅದು ಗಮನಿಸಿತು. ಅದೇ ಇಂಗ್ಲಿಷ್ ಹೆಸರಿನ ಸ್ಟ್ರಿಪ್ಪನ್ನು ನಾವು ಕತ್ತರಿಯಿಂದ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತೇವೆ; ಎಷ್ಟೋ ಸಲ ಹೆಸರೂ ಅವಧಿ ಮುಗಿಯುವ ದಿನಾಂಕವೂ ಇನ್ನೊಂದು ತುಂಡಿನಲ್ಲಿ ಉಳಿದಿರುತ್ತವೆ.

ಫಾರ್ಮಸಿಸ್ಟರನ್ನು ವಾರ್ಡಿಗೆ ತರುವ ಕೆಲಸಕ್ಕೆ ದಾರಿ ಹುಡುಕಿ ದೂರ ಹೋಗಬೇಕಿಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ತನ್ನ ಆಸ್ಪತ್ರೆಯ ವಾರ್ಡುಗಳಿಗೆ ಕ್ಲಿನಿಕಲ್ ಫಾರ್ಮಸಿಯನ್ನು ತಂದು ದೇಶಕ್ಕೆ ಮಾದರಿಯಾಯಿತು. 2008ರಿಂದ ಆರು ವರ್ಷದ ಫಾರ್ಮ್.ಡಿ. ಕೋರ್ಸ್ ಇದೆ, ಕೊನೆಯ ವರ್ಷವಿಡೀ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್. ಹಾಗೆ ಕಲಿತವರನ್ನು ಸರ್ಕಾರಿ ವಾರ್ಡಿಗೆ ಕರೆದುಕೊಳ್ಳಲು ಹುದ್ದೆ ಸೃಷ್ಟಿಸದಿದ್ದರೆ ಆ ಓದಿಗೆ ಅರ್ಥವೇನು? ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ತಪ್ಪಿಸಬಹುದಾದ ತೀವ್ರ ಔಷಧ ಹಾನಿಯನ್ನು 5 ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವ ಗುರಿ ಇಟ್ಟಿತು. ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಆ ಗುರಿಯ ಮೊದಲ ಹೆಜ್ಜೆ ಮೆಡಿಸಿನ್ ವಾರ್ಡಿಗೆ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟ್.

ಹುದ್ದೆ ಮಂಜೂರಾಗುವವರೆಗೆ ನೀವು ಸುಮ್ಮನಿರಬೇಡಿ. ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧದ ಪುಡಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಔಷಧದಿಂದ ತೊಂದರೆಯಾಯಿತೆಂಬ ಅನುಮಾನ ಬಂದರೆ ಮೊದಲು ವೈದ್ಯರಿಗೆ ತಿಳಿಸಿ. ಆಮೇಲೆ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೂ ಕರೆ ಮಾಡಿ. ವೈದ್ಯರಷ್ಟೇ ಅಲ್ಲ, ರೋಗಿಯೂ ಅಲ್ಲಿಗೆ ವರದಿ ಮಾಡಬಹುದು.