ನಂಟಿನ ನಕ್ಷೆ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಐದು ಊರುಗಳನ್ನು ಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟುಕೊಳ್ಳಿ. ರೈಲು ಹಳಿಯಿರುವಲ್ಲಿ ಗೆರೆ ಎಳೆಯಿರಿ. ಚಿಂಚೋಳಿ ಒಂಟಿಯಾಗಿ ಉಳಿಯುತ್ತದೆ. 1874ರಲ್ಲಿ ಸಿಕಂದರಾಬಾದಿನ ಹಳಿ ವಾಡಿಗೆ ಬಂದು ಮುಂಬಯಿ–ಮದರಾಸು ಮಾರ್ಗವನ್ನು ಕೂಡಿತು. ಆಡಳಿತದಲ್ಲಿ ವಾಡಿ ಚಿತ್ತಾಪುರ ತಾಲ್ಲೂಕಿನದೊಂದು ಊರು; ಹಿರಿತನ ಚಿತ್ತಾಪುರದ್ದು. ಆದರೆ ವಾಡಿಯನ್ನು ಅಳಿಸಿದರೆ ಶಹಾಬಾದಕ್ಕೂ ಚಿತ್ತಾಪುರಕ್ಕೂ ಹಳಿಯ ನಂಟೇ ಹರಿದುಹೋಗುತ್ತದೆ.

ಸಂಘಟಿತ ಅಪರಾಧವನ್ನು ಇಂದು ವಿದ್ವಾಂಸರು ಅಭ್ಯಾಸ ಮಾಡುವ ಬಗೆಯೂ ಇದೇ. ಯಾರು ಯಾರಿಗೆ ದೂರವಾಣಿ ಮಾಡಿದರು, ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಇವೆಲ್ಲ ಗೆರೆಗಳಾಗುತ್ತವೆ. ಆಗ ತಂಡದ ಯಜಮಾನನಿಗಿಂತ, ಎರಡು ಗುಂಪುಗಳ ನಡುವೆ ನಿಂತ ಸದ್ದಿಲ್ಲದ ಮನುಷ್ಯನೇ ಮುಖ್ಯನೆಂದು ಕಾಣಬಹುದು. ಯಾರನ್ನು ಮಾಫಿಸಾಕ್ಷಿಯಾಗಿಸಬೇಕು, ಯಾರ ಮೇಲೆ ಒಟ್ಟಾಗಿ ಆರೋಪ ಹೊರಿಸಬೇಕು ಎಂಬ ಸರ್ಕಾರಿ ಅಭಿಯೋಜಕರ ತೀರ್ಮಾನಗಳನ್ನೂ ಇಂಥ ನಕ್ಷೆಯಿಂದ ಪರೀಕ್ಷಿಸಬಹುದು.

ಉಪಾಯ ಹೊಸದಲ್ಲ. ಠಕ್ಕರ ಬೆನ್ನು ಹತ್ತಿದ ಸ್ಲೀಮನ್ ಮಾಫಿಸಾಕ್ಷಿಗಳ ಬಾಯಿಂದ ಕೇಳಿ ಅವರ ವಂಶಾವಳಿಗಳನ್ನು ಬರೆಸಿ, 1836ರಲ್ಲಿ ಅಚ್ಚು ಹಾಕಿಸಿದ. ನಿಜಾಮರ ಸೇವೆಯಲ್ಲಿದ್ದು, ಮುಂದೆ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ 1839ರಲ್ಲಿ ಒಬ್ಬ ಠಕ್ಕನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿಯನ್ನೇ ಬರೆದ. ಆದರೆ 1836ರ ಕಾಯಿದೆಯನ್ನು ನೋಡಿ: ಠಕ್ಕರ ತಂಡಕ್ಕೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. 1871ರ ಕಾಯಿದೆಯಂತೂ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಲು ದಾರಿ ತೆರೆಯಿತು. ತೊಟ್ಟಿಲ ಕೂಸೂ ನಕ್ಷೆಯ ಚುಕ್ಕೆಯಾಯಿತು.

ನಮ್ಮ ರಾಜ್ಯದಲ್ಲಿ ಈಗ ಸಂಘಟಿತ ಅಪರಾಧಗಳ ನಿಯಂತ್ರಣಕ್ಕಾಗಿ 2000ದ ಅಧಿನಿಯಮವಿದೆ. ಗೌರಿ ಲಂಕೇಶ್ ಹತ್ಯೆಯ ಪ್ರಕರಣದಲ್ಲಿ, 2021ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಇದರ ಒಂದು ಗಂಟನ್ನು ಬಿಡಿಸಿತು. ಸಂಚು, ನೆರವು, ಆಶ್ರಯಗಳಂಥ ಆರೋಪಗಳಿಗೆ ಪ್ರತಿಯೊಬ್ಬನ ಮೇಲೂ ಹಿಂದಿನ ಆರೋಪಪಟ್ಟಿಗಳು ಇರಬೇಕೆಂದಿಲ್ಲ. ಅಪರಾಧಿ ಕೂಟದೊಡನೆ ಅವನಿಗಿರುವ ನಂಟೇ ಮುಖ್ಯ ಎಂದಿತು. ತಂಡವನ್ನು ತಂಡವಾಗಿಯೇ ಕಾಣುವುದು ನ್ಯಾಯ. ಒಬ್ಬೊಬ್ಬರನ್ನೇ ಬಿಡಿಯಾಗಿ ನೋಡಿದರೆ ತಂಡ ಕಣ್ಮರೆಯಾಗುತ್ತದೆ. ಆದರೆ ನಂಟು ಎಂದರೆ ಯಾವುದು?

ನಮ್ಮ ಸೋದರಮಾವ ವಾಡಿಯಲ್ಲಿ ಚಹಾದ ಅಂಗಡಿ ಇಟ್ಟಿದ್ದರು. ಹಮಾಲರು, ಗಾರ್ಡುಗಳು, ಕಲ್ಲುಗಣಿಯವರು, ಪೊಲೀಸರು, ಪೊಲೀಸರು ಹುಡುಕುತ್ತಿದ್ದವರು, ಎಲ್ಲರ ಹೆಸರೂ ಅವರ ಉದ್ರಿ ವಹಿಯಲ್ಲಿದ್ದವು. ಆ ವಹಿಯಿಂದ ಯಾರಾದರೂ ನಕ್ಷೆ ಬರೆದಿದ್ದರೆ ನಟ್ಟನಡುವೆ ಮಾವನೇ ನಿಲ್ಲುತ್ತಿದ್ದರು. ಅವರು ಮಾಡಿದ್ದು ಚಹಾ ಮಾತ್ರ.

ಗೆರೆ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ. ಆ ಗೆರೆಯ ಮೇಲೆ ಏನು ಸಾಗಿತೆಂದು ಹೇಳುವುದಿಲ್ಲ. ಅದನ್ನು ಸಾಕ್ಷಿಯೇ ಹೇಳಬೇಕು. ಅಭಿಯೋಜಕರ ಜಾಣ್ಮೆ ಗೆರೆ ಎಳೆಯುವುದರಲ್ಲಿರಬಹುದು. ಅವರ ಧರ್ಮವಿರುವುದು ಸಾಕ್ಷಿಯಿಲ್ಲದ ಗೆರೆಯನ್ನು ಅಳಿಸುವುದರಲ್ಲಿ.